ಏಕಾಏಕಿ

ಪಿಳ್ಳಪ್ಪ ಬಾಯಿ ಬಿಟ್ಟರೆ ಪುಸ್ತಕ ಓದಿದ ಹಾಗಿರುತ್ತದೆ ಎಂದು ಹಲಸೂರಿನವರು ಆಡಿಕೊಳ್ಳುತ್ತಿದ್ದರು. ಹೊಗಳಿಕೆಯೋ ಗೇಲಿಯೋ ಎಂದರೆ, ಎರಡೂ. ಕೆರೆ ಪಕ್ಕದ ದರ್ಶಿನಿಯಲ್ಲಿ ಎಲ್ಲರೂ "ಗುರು, ಒಂದ್ ಬೈಟೂ" ಎಂದು ಕೂಗುವಾಗ ಇವನು ಸಾಲಿನಲ್ಲಿ ನಿಂತು, ತನ್ನ ಸರದಿ ಬಂದ ಮೇಲೆ, "ಒಂದು ಕಾಫಿ ಕೊಡಿ, ಸಕ್ಕರೆ ಕೊಂಚ ಕಡಿಮೆ ಇರಲಿ" ಎನ್ನುವನು. ಪಕ್ಕದ ಮನೆಯ ತಮಿಳಜ್ಜಿ "ಎನ್ನ ಪಿಳ್ಳಪ್ಪಾ, ಸಾಪ್ಟಿಯಾ?" ಎಂದು ಕೇಳಿದರೆ "ಊಟ ಮುಗಿಯಿತು ತಾಯಿ, ತಮ್ಮದಾಯಿತೇ?" ಎನ್ನುವನು. ಅಜ್ಜಿಗೆ ಅರ್ಧ ಅರ್ಥವಾಗುತ್ತಿರಲಿಲ್ಲ, ಆದರೂ ಯಾರೋ ಮರ್ಯಾದೆ ಕೊಟ್ಟರಲ್ಲ ಎಂದು ಖುಷಿಯಾಗುತ್ತಿತ್ತು.

ಪೊಲೀಸ್ ಇಲಾಖೆಯಲ್ಲಿ ಮೂವತ್ತೆರಡು ವರ್ಷ ಕೆಲಸ ಮಾಡಿ ನಿವೃತ್ತನಾಗಿದ್ದ. ಅದರಲ್ಲಿ ಇಪ್ಪತ್ತು ವರ್ಷ ಸ್ಟೇಷನ್ ರೈಟರ್. ಸ್ಟೇಷನ್ನಿಗೆ ಅಳುತ್ತಾ ಬರುವವರು, ಕುಡಿದು ಬರುವವರು, ರಕ್ತ ಒರೆಸಿಕೊಳ್ಳುತ್ತಾ ಬರುವವರು ಬಾಯಿಗೆ ಬಂದದ್ದನ್ನು ಹೇಳುತ್ತಾರೆ. ಅದನ್ನೆಲ್ಲ ಕೇಳಿಸಿಕೊಂಡು ಸರ್ಕಾರಕ್ಕೆ ತಿಳಿಯುವ ಕನ್ನಡದಲ್ಲಿ ಕಾಗದಕ್ಕೆ ಇಳಿಸುವುದು ರೈಟರನ ಕೆಲಸ. ಪಿಳ್ಳಪ್ಪ ಬರೆದ ಹೇಳಿಕೆಯಲ್ಲಿ ಒಂದು ಚಿತ್ತುಕಾಟು ಇರುತ್ತಿರಲಿಲ್ಲ, ಒಂದು ಒತ್ತಕ್ಷರ ತಪ್ಪುತ್ತಿರಲಿಲ್ಲ. ಪಕ್ಕದ ಸ್ಟೇಷನ್ನಿನವರೂ ದೊಡ್ಡ ಕೇಸು ಬಂದರೆ ಅವನನ್ನು ಎರವಲು ಕೇಳುತ್ತಿದ್ದರು.

ಈ ಕನ್ನಡ ಅವನಿಗೆ ಪುಕ್ಕಟೆ ಬಂದದ್ದಲ್ಲ. ಅವನ ಅವ್ವ ರಿಚರ್ಡ್ಸ್ ಟೌನಿನ ಬಂಗಲೆಗಳಲ್ಲಿ ಕಸ ಗುಡಿಸುತ್ತಿದ್ದವಳು. ಆ ಮನೆಯಲ್ಲಿ ಹಾಲು ಆಲಾಗಿತ್ತು, ಹಣ್ಣು ಅಣ್ಣಾಗಿತ್ತು. ನಾಲ್ಕನೇ ಕ್ಲಾಸಿನಲ್ಲಿ ಮೇಷ್ಟ್ರು ಅವನನ್ನು ಬೆಂಚಿನ ಮೇಲೆ ನಿಲ್ಲಿಸಿ, "ನಿಮ್ ಕೇರಿಯೋರ ನಾಲಿಗೆಗೆ ಹಕಾರ ಯಾಕೋ ಹತ್ತಲ್ಲ?" ಎಂದು ಕೇಳಿದರು. ಇಡೀ ಕ್ಲಾಸು ನಕ್ಕಿತು. ಅವತ್ತಿನಿಂದ ಹುಡುಗ ಕೆರೆ ಏರಿಯ ಮೇಲೆ ಕೂತು, ಅಂಗೈಯನ್ನು ಬಾಯಿಗೆ ಅಡ್ಡ ಹಿಡಿದು, ಉಸಿರು ಕೈಗೆ ತಗಲುವವರೆಗೆ "ಹಾಲು, ಹಣ್ಣು, ಹುಲ್ಲು" ಎನ್ನುತ್ತಿದ್ದ. ಕಲಿತೇ ಕಲಿತ. "ಏಯ್ ಪಿಳ್ಳ" ಎನ್ನುತ್ತಿದ್ದ ಇನ್ಸ್‌ಪೆಕ್ಟರುಗಳು ಅವನ ಬರವಣಿಗೆ ನೋಡಿದ ಮೇಲೆ "ಪಿಳ್ಳಪ್ಪನವರೇ" ಎಂದರು. ಮುಂದೆ ಮನೆಯಲ್ಲಿ ಬುದ್ಧನ ಪಟ ಬಂತು, ಮಗನಿಗೆ ಸುಗತ ಎಂದು ಹೆಸರಿಟ್ಟ, ಅವ್ವನ ಮಾತು ಅವ್ವನ ಜೊತೆಯೇ ಮಣ್ಣಾಯಿತು. ಆ ಬಹುವಚನವನ್ನು ತಾನು ದುಡಿದು ಸಂಪಾದಿಸಿದ್ದು ಎಂದು ಅವನು ತಿಳಿದಿದ್ದ, ಅದರಲ್ಲಿ ಸುಳ್ಳೂ ಇರಲಿಲ್ಲ.

ಅಂಥವನ ಮನೆಗೆ ಒಂದು ಭಾನುವಾರ ಬೆಳಿಗ್ಗೆ ಮುನಿಲಕ್ಷ್ಮಮ್ಮ ಬಂದಳು. ಹಲಸೂರು ಮಾರ್ಕೆಟ್ಟಿನಲ್ಲಿ ಹೂ ಕಟ್ಟುವ ಹೆಂಗಸು. ನಾಲ್ಕು ವರ್ಷದ ಹಿಂದೆ, ಕೊರೋನಾ ಲಾಕ್‌ಡೌನಿನಲ್ಲಿ, ಅವಳ ಮಗಳು ಹಂಸ ಹೊರಮಾವಿನ ಗಂಡನ ಮನೆಯಲ್ಲಿ ಸುಟ್ಟು ಸತ್ತಿದ್ದಳು. ಸಾಯುವ ಮುಂಚೆ ಆಸ್ಪತ್ರೆಯಲ್ಲಿ ಕೊಟ್ಟ ಹೇಳಿಕೆಯನ್ನು ಬರೆದುಕೊಂಡವನು ಪಿಳ್ಳಪ್ಪ. ಗಂಡ ಸುನಿಲನ ಮೇಲೆ ಕೊಲೆ ಕೇಸು. ಕಣ್ಣಾರೆ ಕಂಡವರು ಯಾರೂ ಇಲ್ಲ. ಕೇಸು ನಿಂತಿದ್ದು ಆ ಒಂದು ಹಾಳೆಯ ಮೇಲೆ, ಆ ಹಾಳೆ ನಿಂತಿದ್ದು ಪಿಳ್ಳಪ್ಪನ ಬಾಯಿಯ ಮೇಲೆ. ಬುಧವಾರ ಅವನ ಸಾಕ್ಷಿ ಇತ್ತು.

ಮುನಿಲಕ್ಷ್ಮಮ್ಮ ಕುರ್ಚಿಯಲ್ಲಿ ಕೂರಲಿಲ್ಲ. ಹೊಸಲಿನ ಪಕ್ಕ ನೆಲಕ್ಕೆ ಕೂತಳು.

"ಸಾ, ವಕೀಲಮ್ಮನ ಆಫೀಸಲ್ಲಿ ಆ ಕಾಗ್ದ ಓದಿ ಏಳುದ್ರು ಸಾ. ನಂಗೆ ಓದಕ್ ಬರಲ್ವಲ್ಲ, ನಾನೇ ಕೇಳ್ಕಂಡಿದ್ದೆ."

"ಒಳ್ಳೆಯದಾಯಿತಮ್ಮ."

"ಅದ್ರಾಗೆ ನನ್ ಮಗ್ಳಿಲ್ಲ ಸಾ."

ಪಿಳ್ಳಪ್ಪನಿಗೆ ತಕ್ಷಣ ಅರ್ಥವಾಗಲಿಲ್ಲ.

"ಅಂಗಲ್ಲ," ಎಂದಳು ಮುನಿಲಕ್ಷ್ಮಮ್ಮ. "ಅವ್ಳು ನಿಮ್ಗೆ ಏಳಿರ್ತಾಳೆ, ನೀವೂ ಬರ್ಕಂಡಿರ್ತೀರ. ಆದ್ರೆ ಅವ್ಳು ಅಂಗೆಲ್ಲ ಮಾತಾಡ್ತಿರ್ಲಿಲ್ಲ. ಗಂಡುನ್ನ ಅವರು ಇವರು ಅಂತ ಯಾವತ್ತೂ ಅಂದೋಳಲ್ಲ. ಅವ್ಳು ಏನಂದ್ಲು ಸಾ, ಅವ್ಳ ಬಾಯಲ್ಲಿ? ನನ್ನ ಏನಾರ ಕೇಳುದ್ಲಾ? ನಾಕು ವರ್ಷದಿಂದ ಅದೊಂದೇ ಕಾಯ್ತಾ ಇವ್ನಿ."

ಅವಳ ಒಂದೊಂದು ಮಾತೂ ಅವನ ಅವ್ವನ ಮಾತೇ ಆಗಿತ್ತು. ಪಿಳ್ಳಪ್ಪ ಕನ್ನಡಕ ತೆಗೆದು ಒರೆಸಿದ, ಮತ್ತೆ ಹಾಕಿಕೊಂಡ. ಸಾಕ್ಷಿ ಮುಗಿಯುವವರೆಗೆ ಯಾರ ಹತ್ತಿರವೂ ಹೇಳಿಕೆಯ ವಿಷಯ ಮಾತಾಡಬೇಡಿ ಎಂದು ಸರ್ಕಾರಿ ವಕೀಲೆ ಬೃಂದಾ ಮೇಡಂ ಮೊದಲೇ ಎಚ್ಚರಿಸಿದ್ದರು. ಅದೊಂದು ನೆಪ. ನಿಜವೇನೆಂದರೆ ಅವನಿಗೆ ಆ ಪ್ರಶ್ನೆಯೇ ಹಿಡಿಸಲಿಲ್ಲ. ತಾನು ಆ ಹುಡುಗಿಗೆ ಒಳ್ಳೆಯದು ಮಾಡಿದ್ದೇನೆಂದು ನಂಬಿದ್ದ.

"ಆಕೆ ತಿಳಿಸಿದ್ದೆಲ್ಲವೂ ಅದರಲ್ಲಿದೆಯಮ್ಮ," ಎಂದ. "ತಾವು ಧೈರ್ಯವಾಗಿರಿ. ನ್ಯಾಯ ದೊರಕುತ್ತದೆ."

ಮುನಿಲಕ್ಷ್ಮಮ್ಮ ತಲೆಯಾಡಿಸಿ, ತಂದಿದ್ದ ಒಂದು ಮೊಳ ಮಲ್ಲಿಗೆಯನ್ನು ಬುದ್ಧನ ಪಟದ ಕೆಳಗಿಟ್ಟು ಹೋದಳು.

ಅವಳು ಹೋದ ಮೇಲೆ ಪಿಳ್ಳಪ್ಪನಿಗೆ ಆ ಬೆಳಿಗ್ಗೆ ನೆನಪಾಯಿತು. ನೆನಪಾಗುವುದಕ್ಕೆ ಅದು ಮರೆತಿದ್ದರಲ್ಲವೇ.

ಎರಡು ಸಾವಿರದ ಇಪ್ಪತ್ತೊಂದು, ಮೇ ತಿಂಗಳು. ಊರೆಲ್ಲ ಬಾಗಿಲು ಹಾಕಿಕೊಂಡಿತ್ತು, ಆಂಬುಲೆನ್ಸು ಬಿಟ್ಟರೆ ಬೇರೆ ಸದ್ದಿಲ್ಲ. ಸಾಯುವವರ ಹೇಳಿಕೆ ತೆಗೆದುಕೊಳ್ಳಲು ತಹಶೀಲ್ದಾರರು ಬರಬೇಕಿತ್ತು, ಅವರು ಕೋವಿಡ್ ಡ್ಯೂಟಿಯಲ್ಲಿ ಸಿಕ್ಕಿಕೊಂಡಿದ್ದರು. ಇನ್ಸ್‌ಪೆಕ್ಟರು, "ಪಿಳ್ಳಪ್ಪನವರೇ, ನೀವೇ ಹೋಗ್ಬಿಡಿ. ನೀವ್ ಬರೆದ್ರೆ ಯಾವ ಜಡ್ಜೂ ಎರಡನೇ ಸಲ ನೋಡಲ್ಲ" ಎಂದರು. ಹನ್ನೊಂದು ಗಂಟೆಗೆ ಅವನು ಎರಡು ಮಾಸ್ಕು, ಗ್ಲೌಸು ಹಾಕಿಕೊಂಡು ಸುಟ್ಟಗಾಯದ ವಾರ್ಡಿನಲ್ಲಿ ನಿಂತಿದ್ದ. ಡ್ಯೂಟಿ ಡಾಕ್ಟರು ನೌರೀನ್, ನಿದ್ದೆಗೆಟ್ಟ ಕಣ್ಣಿನ ಹುಡುಗಿ, ಹಂಸಳ ನಾಡಿ ನೋಡಿ, "ಪ್ರಜ್ಞೆ ಇದೆ, ಮಾತಾಡ್ತಾರೆ, ಬೇಗ ಮುಗ್ಸಿ" ಎಂದು ಚೀಟಿಗೆ ಸಹಿ ಹಾಕಿ ಪಕ್ಕದ ಮಂಚದತ್ತ ಓಡಿದರು. ಅಲ್ಲಿ ಇನ್ಯಾರಿಗೋ ಉಸಿರು ನಿಲ್ಲುತ್ತಿತ್ತು.

ಹಂಸಳಿಗೆ ಇಪ್ಪತ್ತಾರು. ಸರ್ವಜ್ಞನಗರದ ಒಂದು ಬೇಕರಿಯಲ್ಲಿ ಕೆಲಸಕ್ಕಿದ್ದಳು. ಅಲ್ಲಿಗೆ ದಿನಾ ಬರುತ್ತಿದ್ದ ಸುನಿಲ್ ಅವಳನ್ನು ಮೆಚ್ಚಿ ರಿಜಿಸ್ಟರ್ ಮದುವೆಯಾದ. ಅವನ ಅಪ್ಪ ಬೈಲಪ್ಪ ಹೊರಮಾವಿನ ಹಳೆಯ ಜಮೀನ್ದಾರ. ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಮೂರು ಅಪಾರ್ಟ್‌ಮೆಂಟು ಎದ್ದಿದ್ದವು. ಕೇರಿಯ ಹುಡುಗಿ ಆ ಮನೆಯ ಅಡುಗೆಮನೆಗೆ ಕಾಲಿಡುವುದು ಅತ್ತೆ ಪಟಾಲಮ್ಮನಿಗೆ ಸಹಿಸಲಾಗಲಿಲ್ಲ. ಬಾಯಿಬಿಟ್ಟು ಹೇಳುವ ಕಾಲ ಹೋಯಿತಲ್ಲ ಎಂದು ಎರಡು ವರ್ಷ ಹಲ್ಲು ಕಚ್ಚಿಕೊಂಡಿದ್ದಳು. ಅಷ್ಟರಲ್ಲಿ ಕೊರೋನಾ ಬಂತು, ಹಳೆಯ ಮಡಿಗೆ ಹೊಸ ಬಾಟಲಿ ಸಿಕ್ಕಿತು.

ಇದನ್ನೆಲ್ಲ ಹಂಸ ಅವನಿಗೆ ಕಥೆಯಾಗಿ ಹೇಳಲಿಲ್ಲ. ಅವಳ ತುಟಿ ಊದಿತ್ತು, ಒಂದೊಂದು ಮಾತಿಗೂ ಉಸಿರು ಹುಡುಕಬೇಕಿತ್ತು. ಅವಳು ಹೇಳಿದ್ದು ಇಷ್ಟು:

"ನಾನು ಒಳಕ್ ಓಗಕ್ ಮುಂಚೆ ದಿನಾ ಕೈಗೆ ಆಕ್ತಾರೆ ಕಣಣ್ಣ, ಆ ಸ್ಯಾನಿಟೇಜರು. ಬ್ಯಾರೆ ಯಾರ್ಗೂ ಇಲ್ಲ, ನಂಗೊಬ್ಳಿಗೇಯ. ಇವತ್ತು ಅವ್ನು ಬಂದ. ಕೈ ನೀಡು ಅಂದ. ಎಲ್ಡೂ ಕೈ ನೀಡ್ದೆ. ಕೈ ತುಂಬ ಆಕ್ದ. ಆಮ್ಯಾಕೆ ಕ್ಯಾನು ಎತ್ತಿ ತಲೆ ಮ್ಯಾಲೆ ಉಯ್ದ. ನಾನಿನ್ನೂ ಕೈ ನೀಡ್ಕಂಡೇ ನಿಂತಿವ್ನಿ ಕಣಣ್ಣ, ತಮಾಸೆ ಮಾಡ್ತಾವ್ನೆ ಅಂತ. ಕಡ್ಡಿ ಗೀರ್ಬುಟ್ಟ."

ಇನ್ನೂ ಒಂದು ಮಾತು ಹೇಳಿದಳು. "ಅವ್ವುಂಗೆ ಏಳ್ಬ್ಯಾಡ. ನಡ್ಕಂಡೇ ಬಂದ್ಬುಡ್ತಾಳೆ. ರೋಡಾಗೆ ಪೋಲೀಸ್ನೋರು ಒಡೀತಾರಂತೆ." ಮಾಸ್ಕು, ಗ್ಲೌಸಿನಲ್ಲಿ ಮುಳುಗಿದ್ದ ಪಿಳ್ಳಪ್ಪ ಪೊಲೀಸಿನವನೆಂದು ಅವಳಿಗೆ ಗೊತ್ತಾಗಿರಲಿಲ್ಲ. ಆಸ್ಪತ್ರೆಯವನು ಅಂದುಕೊಂಡಿದ್ದಳು.

ಸತ್ಯ ಹೇಳಬೇಕೆಂದರೆ ಪಿಳ್ಳಪ್ಪ ಅಳುತ್ತಿದ್ದ, ಕನ್ನಡಕಕ್ಕೆ ಮಂಜು ಕವಿಯಿತು. ಈ ಮಾತನ್ನು ಹೀಗೇ ಬರೆದರೆ ಕೋರ್ಟಿನಲ್ಲಿ ಕರಿಕೋಟಿನವರು ಓದಿ ನಗುತ್ತಾರೆ ಎಂದು ಅವನಿಗೆ ಅನ್ನಿಸಿತು. ನಾಲ್ಕನೇ ಕ್ಲಾಸಿನ ಬೆಂಚು ಮರೆಯುವಂಥದ್ದಲ್ಲ. ಸತ್ತವರ ಮೇಲೆ ಒಳ್ಳೆಯ ಬಟ್ಟೆ ಹೊದಿಸುವುದಿಲ್ಲವೇ, ಹಾಗೆ ಅವಳಿಗೂ ಒಳ್ಳೆಯ ಕನ್ನಡ ಹೊದಿಸೋಣ ಎಂದುಕೊಂಡು ಪೆನ್ನು ತೆಗೆದ. ಮುತ್ತಿನಂಥ ಅಕ್ಷರದಲ್ಲಿ ಬರೆದ:

"ಈ ದಿವಸ ಬೆಳಿಗ್ಗೆ ಸುಮಾರು 7-30 ಗಂಟೆ ಸಮಯದಲ್ಲಿ ನನ್ನ ಪತಿಯಾದ ಸುನಿಲ್ ರವರು ಹೊರಗಿನಿಂದ ಮನೆಗೆ ಬಂದವರೇ ಏಕಾಏಕಿ ನನ್ನ ಮೈಮೇಲೆ ಸ್ಯಾನಿಟೈಸರ್ ದ್ರವವನ್ನು ಸುರಿದು, ಬೆಂಕಿಕಡ್ಡಿ ಗೀರಿ, ನನ್ನನ್ನು ಕೊಲೆ ಮಾಡುವ ಉದ್ದೇಶದಿಂದ ತೀವ್ರ ಸ್ವರೂಪದ ಸುಟ್ಟಗಾಯಗಳನ್ನು ಉಂಟುಮಾಡಿರುತ್ತಾರೆ. ಆದ್ದರಿಂದ ಸದರಿಯವರ ವಿರುದ್ಧ ಕಾನೂನು ರೀತ್ಯಾ ಸೂಕ್ತ ಕ್ರಮ ಜರುಗಿಸಬೇಕೆಂದು ಕೋರಿಕೆ."

ಓದಿ ಹೇಳಿದ. ಅವಳು ಕಣ್ಣು ಮುಚ್ಚಿಕೊಂಡು "ಊಂ" ಎಂದಳು. ಕೈಗೆಲ್ಲ ಬ್ಯಾಂಡೇಜು ಸುತ್ತಿದ್ದರಿಂದ ಹೆಬ್ಬೆಟ್ಟು ಒತ್ತಿಸಲು ಆಗಲಿಲ್ಲ, ಎಡಗಾಲಿನ ಹೆಬ್ಬೆರಳಿಗೆ ಮಸಿ ಹಚ್ಚಿ ಗುರುತು ತೆಗೆದುಕೊಂಡ. ಮೂರನೇ ದಿನ ಅವಳು ತೀರಿಕೊಂಡಳು. ಮುನಿಲಕ್ಷ್ಮಮ್ಮನಿಗೆ ಸುದ್ದಿ ಮುಟ್ಟಿದ್ದು ಅದಾದ ಮೇಲೆ. ಇನ್ಸ್‌ಪೆಕ್ಟರು ಹೇಳಿಕೆ ಓದಿ "ಬ್ಯೂಟಿಫುಲ್" ಎಂದಿದ್ದರು.

ಬುಧವಾರ ಬೆಳಿಗ್ಗೆ ಕೋರ್ಟಿನ ವರಾಂಡದಲ್ಲಿ ಬೃಂದಾ ಮೇಡಂ ಫೈಲು ತಿರುವುತ್ತಾ ಹೇಳಿದರು. "ನೋಡಿ ಪಿಳ್ಳಪ್ಪನವರೇ, ಆಕೆ ಹೇಳಿದ್ರು, ನೀವು ಬರ್ಕೊಂಡ್ರಿ. ಅಷ್ಟೇ. ಡಾಕ್ಟರ್ ನೌರೀನ್ ಆಲ್ರೆಡಿ ಹೇಳಿಯಾಗಿದೆ, ಪ್ರಜ್ಞೆ ಇತ್ತು ಅಂತ. ಮಾತು ಅವ್ರ ಕಿವಿಗೆ ಬಿದ್ದಿಲ್ಲ. ಸೋ, ಎಲ್ಲಾ ನಿಮ್ಮ ಮೇಲೇ."

"ಮೇಡಂ, ಆಕೆಯ ಮಾತಿನ ಧಾಟಿ ಸ್ವಲ್ಪ ಬೇರೆ ಇತ್ತು," ಎಂದ ಪಿಳ್ಳಪ್ಪ.

"ಧಾಟಿ ಯಾರಿಗ್ ಬೇಕು? ವಿಷಯ ಅದೇ ತಾನೆ?"

"ವಿಷಯ ಅದೇ."

"ಹಾಗಿದ್ರೆ ಮುಗೀತು. ಯಥಾವತ್ತಾಗಿ ಬರ್ದಿದೀನಿ ಅನ್ನಿ. ಅದನ್ನ ಬಿಟ್ಟು ಒಂದಕ್ಷರ ಆಚೆ ಈಚೆ ಹೋಗ್ಬೇಡಿ."

ಆರೋಪಿಯ ವಕೀಲ ಮಧುಕರ್ ಸಣ್ಣಗೆ, ನಯವಾಗಿ ಮಾತಾಡುವ ಮನುಷ್ಯ. ಕೂಗಾಡುವ ವಕೀಲರನ್ನು ಪಿಳ್ಳಪ್ಪ ಬೇಕಾದಷ್ಟು ನೋಡಿದ್ದ, ಅವರಿಗೆ ಹೆದರುತ್ತಿರಲಿಲ್ಲ. ಬಾಯಲ್ಲಿ ಬೆಲ್ಲ ಇಟ್ಟುಕೊಂಡು ಬರುವವರು ಬೇರೆ ಜಾತಿ.

"ಪಿಳ್ಳಪ್ಪನವರೇ, ನಿಮ್ಮ ಬರವಣಿಗೆ ಓದಿ ತುಂಬಾ ಸಂತೋಷ ಆಯ್ತು. ಇಂಥ ಕನ್ನಡ ಈಗ ಯಾರು ಬರೀತಾರೆ! ಹಂಸ ಎಷ್ಟನೇ ಕ್ಲಾಸ್ ಓದಿದ್ರು?"

"ಏಳನೆಯ ತರಗತಿ ಎಂದು ತಿಳಿದಿರುತ್ತದೆ."

"ಮೈಯೆಲ್ಲ ಸುಟ್ಟಿತ್ತು. ಆ ಸ್ಥಿತೀಲಿ 'ತೀವ್ರ ಸ್ವರೂಪದ ಸುಟ್ಟಗಾಯಗಳನ್ನು ಉಂಟುಮಾಡಿರುತ್ತಾರೆ' ಅಂತ ಅವ್ರೇ ಹೇಳಿದ್ರಾ?"

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಪಿಳ್ಳಪ್ಪ ಬೃಂದಾ ಮೇಡಂ ಕಡೆ ನೋಡಿದ. ಅವರು ಫೈಲಿನಿಂದ ತಲೆ ಎತ್ತಲಿಲ್ಲ.

"ಹೌದು. ಆಕೆ ತಿಳಿಸಿದಂತೆಯೇ ಯಥಾವತ್ತಾಗಿ ಬರೆದುಕೊಂಡಿರುತ್ತೇನೆ."

"ಏಕಾಏಕಿ ಅನ್ನೋ ಪದಾನೂ?"

"ಹೌದು."

ಮಧುಕರ್ ಮೂರು ಹಾಳೆ ತೆಗೆದ. ರಿಚರ್ಡ್ಸ್ ಟೌನಿನಲ್ಲಿ ಸರ ಕಳೆದುಕೊಂಡ ಇಮಾಮ್ ಬೀ ಎಂಬ ಮುದುಕಿಯ ಹೇಳಿಕೆ, ಬೈಕು ಗುದ್ದಿಸಿಕೊಂಡ ಗಯಾಜ್ ಎಂಬ ಆಟೋದವನದು, ಬಾರಿನಲ್ಲಿ ಬಾಟಲಿ ಏಟು ತಿಂದ ಇನ್ನೊಬ್ಬನದು. ಮೂರೂ ಪಿಳ್ಳಪ್ಪನ ಮುತ್ತಿನಂಥ ಅಕ್ಷರ. ಕಳ್ಳ ಏಕಾಏಕಿ ಸರಕ್ಕೆ ಕೈ ಹಾಕಿರುತ್ತಾನೆ, ಬೈಕಿನವನು ಏಕಾಏಕಿ ಬಂದು ಡಿಕ್ಕಿ ಹೊಡೆದಿರುತ್ತಾನೆ, ಕುಡುಕ ಏಕಾಏಕಿ ಹಲ್ಲೆ ಮಾಡಿರುತ್ತಾನೆ.

"ನಾಲ್ಕು ಜನ, ನಾಲ್ಕು ಬೀದಿ. ಇಮಾಮ್ ಬೀಗೆ ಕನ್ನಡವೇ ಸರಿಯಾಗಿ ಬರಲ್ಲ. ಆದ್ರೂ ಎಲ್ರೂ ಒಂದೇ ಬಾಯಲ್ಲಿ ಮಾತಾಡಿದಾರೆ. ಅದು ಯಾರ ಬಾಯಿ ಪಿಳ್ಳಪ್ಪನವರೇ?"

ಪಿಳ್ಳಪ್ಪ ತಲೆ ಎತ್ತಿ ಎದುರಿಗೆ ನೋಡಿದ. ಸುನಿಲ್ ಕಟಕಟೆಯಲ್ಲಿ ಬಿಳಿ ಅಂಗಿ ಹಾಕಿ ನಿಂತಿದ್ದ. ಅವನ ಹಿಂದೆ ಬೈಲಪ್ಪ ಕೈ ಕಟ್ಟಿ ಕೂತಿದ್ದ. ಕೊನೆಯ ಬೆಂಚಿನ ತುದಿಯಲ್ಲಿ ಮುನಿಲಕ್ಷ್ಮಮ್ಮ ಸೆರಗು ಹಿಡಿದುಕೊಂಡು ಪಿಳ್ಳಪ್ಪನನ್ನೇ ನೋಡುತ್ತಿದ್ದಳು.

"ಸರಿ, ಬಿಡಿ," ಎಂದ ಮಧುಕರ್, ಇನ್ನೂ ನಯವಾಗಿ. "ಪೋಸ್ಟ್‌ಮಾರ್ಟಮ್ ರಿಪೋರ್ಟ್ ಇಲ್ಲಿದೆ. ಎರಡೂ ಅಂಗೈ ಎಲ್ಲಕ್ಕಿಂತ ಆಳವಾಗಿ ಸುಟ್ಟಿದೆ. ಯಾರೋ ಏಕಾಏಕಿ ಮೈಮೇಲೆ ಸುರಿದ್ರೆ ಅಂಗೈ ಯಾಕೆ ಹಾಗೆ ಸುಡುತ್ತೆ? ಆಕೆ ತಾನೇ ಕೈಗೆ ಸ್ಯಾನಿಟೈಸರ್ ಹಾಕ್ಕೊಂಡು, ಒಣಗೋಕ್ ಮುಂಚೆ ಒಲೆ ಹಚ್ಚಿದಾರೆ. ಕೈ ಹತ್ಕೊಂಡಿದೆ, ಪಕ್ಕದಲ್ಲಿದ್ದ ಕ್ಯಾನ್ ಚೆಲ್ಲಿದೆ. ಇದು ಆಕ್ಸಿಡೆಂಟ್. ನಿಮ್ಮ ಹೇಳಿಕೆಯಲ್ಲಿ ಅಂಗೈ ಬಗ್ಗೆ ಒಂದು ಅಕ್ಷರ ಇದೆಯಾ?"

ನಾಲ್ಕು ವರ್ಷದಲ್ಲಿ ಇದು ಪಿಳ್ಳಪ್ಪನಿಗೆ ಒಂದು ಸಲವೂ ಹೊಳೆದಿರಲಿಲ್ಲ. ಕೈ ನೀಡು ಅಂದ, ಎಲ್ಡೂ ಕೈ ನೀಡ್ದೆ, ಕೈ ತುಂಬ ಆಕ್ದ. ಅಂಗೈ ಯಾಕೆ ಸುಟ್ಟಿತು ಎಂದು ಅವಳು ಹೇಳಿಯೇ ಸತ್ತಿದ್ದಳು. ಡಾಕ್ಟರು ಕೊಯ್ದು ನೋಡುವ ಮುಂಚೆ, ವಕೀಲ ಕೇಳುವ ಮುಂಚೆ, ಸುನಿಲನ ಕುತ್ತಿಗೆಗೆ ಸರಿಯಾಗಿ ಕೂರುವ ಸಾಕ್ಷಿಯನ್ನು ಪಿಳ್ಳಪ್ಪನ ಕೈಗೆ ಕೊಟ್ಟಿದ್ದಳು. ಅವನು ಅದನ್ನು ಅನಗತ್ಯ ವಿವರ ಎಂದು ಬಿಟ್ಟು, ಅದರ ಜಾಗದಲ್ಲಿ "ಏಕಾಏಕಿ" ಎಂದು ಬರೆದಿದ್ದ. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ ಅನ್ನುತ್ತಾರಲ್ಲ, ಆ ಪೂಜಾರಿ ತಾನೇ ಆಗಿದ್ದ.

"ಮಹಾಸ್ವಾಮಿ," ಎಂದ ಜಡ್ಜಿನ ಕಡೆ ತಿರುಗಿ. "ನಾನೊಂದು ವಿಷಯ ನಿವೇದಿಸಿಕೊಳ್ಳಬೇಕು. ಹೇಳಿಕೆ ಯಥಾವತ್ತಾಗಿಲ್ಲ. ನಾನು ಅದನ್ನು ಸಂಕ್ಷೇಪಿಸಿ ಬರೆದಿರುತ್ತೇನೆ."

ಬೃಂದಾ ಮೇಡಂ ಪೆನ್ನು ಕೆಳಗಿಟ್ಟರು.

"ಮೃತಳು ತನ್ನ ಎರಡೂ ಹಸ್ತಗಳನ್ನು ಮುಂದಕ್ಕೆ ಚಾಚಿದ್ದಾಗಿಯೂ, ಆರೋಪಿಯು ಮೊದಲು ಹಸ್ತಗಳಿಗೆ ಸದರಿ ದ್ರವವನ್ನು ಹಾಕಿ, ತದನಂತರ ತಲೆಯ ಮೇಲೆ ಸುರಿದಿದ್ದಾಗಿಯೂ ತಿಳಿಸಿರುತ್ತಾಳೆ."

ಅವನ ಬಾಯಿಂದ ಬಂದದ್ದು ಹಾಗೆ. ಜೀವಮಾನದಲ್ಲಿ ಕೋರ್ಟಿನಲ್ಲಿ ಹೇಳಿದ ಮಾತಿನಲ್ಲಿ ಅದಕ್ಕಿಂತ ನಿಜವಾದದ್ದು ಇನ್ನೊಂದಿರಲಿಲ್ಲ. ಕೇಳಿದವರಿಗೆ ಮಾತ್ರ ಸಂಜೆ ಸ್ಟೇಷನ್ನಿನಲ್ಲಿ ಕೂತು ಹೊಸೆದ ಹಾಗೆ ಕೇಳಿಸಿತು.

ಮಧುಕರ್ ಮುಗುಳ್ನಕ್ಕ. "ಇದು ಎಲ್ಲಾದ್ರೂ ಬರೆದಿದೀರಾ? ಡೈರಿ? ನೋಟ್‌ಬುಕ್? ನಿಮ್ಮ ಇನ್ಸ್‌ಪೆಕ್ಟರ್‌ಗೆ ಹೇಳಿದ್ರಾ? ನಾಲ್ಕು ವರ್ಷ ಸುಮ್ನಿದ್ದು, ಐದು ನಿಮಿಷದ ಹಿಂದೆ ಯಥಾವತ್ತು ಅಂತ ಪ್ರಮಾಣ ಮಾಡಿ ಹೇಳಿ, ನಾನು ಅಂಗೈ ಅಂದ ತಕ್ಷಣ ಅಂಗೈ ನೆನಪಾಯ್ತಾ?"

ಜಡ್ಜು ವಯಸ್ಸಾದವರು, ಕೆಟ್ಟವರಲ್ಲ. ಮಧುಕರನನ್ನು ಕೈಸನ್ನೆಯಲ್ಲಿ ನಿಲ್ಲಿಸಿ ಮುಂದಕ್ಕೆ ಬಾಗಿದರು.

"ನೋಡೀಪ್ಪಾ, ನಿಮ್ಮ ಭಾಷೆ ಬಿಡಿ. ಆ ಹುಡುಗಿ ಏನಂದ್ಳು? ಆಕೆಯ ಬಾಯಲ್ಲಿ ಬಂದ ಹಾಗೇ ಹೇಳಿ. ನಾನು ಹಾಗೇ ಟೈಪ್ ಮಾಡಿಸ್ತೀನಿ."

ಟೈಪಿಸ್ಟು ಬೆರಳೆತ್ತಿ ಕಾದ. ಪಿಳ್ಳಪ್ಪನಿಗೆ ಅವಳ ಒಂದೊಂದು ಮಾತೂ ಕಿವಿಯಲ್ಲಿತ್ತು, ಉಸಿರು ನಿಂತ ಜಾಗವೂ ಗೊತ್ತಿತ್ತು. ಬಾಯಿ ತೆರೆದ. ಎದುರಿಗೆ ಕರಿಕೋಟುಗಳು, ಬೈಲಪ್ಪನ ಇಸ್ತ್ರಿ ಮಾಡಿದ ಪಂಚೆ, ಬಿಳಿ ಅಂಗಿಯ ಸುನಿಲ್. ಇವರೆಲ್ಲರ ಮುಂದೆ "ಕೈಗೆ ಆಕ್ದ" ಎನ್ನಬೇಕು, "ಉಯ್ದ" ಎನ್ನಬೇಕು. ಐವತ್ತು ವರ್ಷ ಅಂಗೈ ಅಡ್ಡ ಹಿಡಿದು ಓಡಿಸಿದ ನಾಲಿಗೆಯನ್ನು ಈಗ ಎಲ್ಲರ ಮುಂದೆ ಹೊರಗೆ ತೆಗೆಯಬೇಕು. ನಗುವರೇ? ನಗಲಿ ಬಿಡು, ಎಂದಿತು ಮನಸ್ಸು. ನಾಲಿಗೆ ಕೇಳಲಿಲ್ಲ.

"ಆಕೆಯು..." ಎಂದ. ನಿಲ್ಲಿಸಿದ. ಬೆವರು ಒರೆಸಿಕೊಂಡ. "ಆಕೆಯು, ತನ್ನ ಹಸ್ತಗಳನ್ನು ಚಾಚಿದ್ದಾಗಿ ತಿಳಿಸಿರುತ್ತಾಳೆ, ಮಹಾಸ್ವಾಮಿ."

ಜಡ್ಜು ಕುರ್ಚಿಗೆ ಒರಗಿ ಟೈಪಿಸ್ಟಿಗೆ ಹೇಳಿದರು. "ಬರ್ಕೊಳಿ. ಅವಕಾಶ ನೀಡಿದಾಗ್ಯೂ ಮೃತಳು ಆಡಿದ ಮಾತುಗಳನ್ನು ಸಾಕ್ಷಿಯು ನುಡಿಯಲು ವಿಫಲನಾಗಿರುತ್ತಾನೆ." ಟೈಪಿಸ್ಟು ಬರೆದುಕೊಂಡ. ಒಂದು ಅಕ್ಷರ ತಪ್ಪಾಗಲಿಲ್ಲ.

ತೀರ್ಪು ಮುಂದಿನ ತಿಂಗಳು ಬಂತು. ಪಿಳ್ಳಪ್ಪನಿಗೆ ಅವತ್ತು ಕೋರ್ಟಿನಲ್ಲಿ ಕೆಲಸವಿರಲಿಲ್ಲ, ಆದರೂ ಹೋಗಿ ಬಾಗಿಲ ಹತ್ತಿರ ನಿಂತಿದ್ದ. ಸುನಿಲನನ್ನು ಬಿಟ್ಟರು. ಹತ್ತು ನಿಮಿಷದಲ್ಲಿ ಓದಿ ಮುಗಿಯಿತು. ಬೈಲಪ್ಪನ ಕಡೆಯವರು ಕಾರು ಹತ್ತಿ ಹೋದರು, ಪಟಾಲಮ್ಮ ಕಾರಿನಲ್ಲೇ ಕೂತಿದ್ದಳು. ಬೃಂದಾ ಮೇಡಂ ಪಿಳ್ಳಪ್ಪನನ್ನು ನೋಡಿಯೂ ನೋಡದ ಹಾಗೆ ಹೋದರು.

ಮುನಿಲಕ್ಷ್ಮಮ್ಮ ಆವರಣದ ಹೊಂಗೆಮರದ ಕಟ್ಟೆಯ ಮೇಲೆ ಕೂತಿದ್ದಳು. ಜನ ಎದ್ದರೆಂದು ಎದ್ದು ಬಂದಿದ್ದಳು ಅಷ್ಟೆ. ಏನಾಯಿತೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಅವನನ್ನು ಕಂಡು ಎದ್ದು ನಿಲ್ಲಲು ಹೋದಳು.

"ಏನಂದ್ರು ಸಾ? ಏನೇನೋ ಓದುದ್ರು."

"ಕೂತುಕೊಳ್ಳಿ ಅಮ್ಮ," ಎಂದು ಪಿಳ್ಳಪ್ಪ ಪಕ್ಕದಲ್ಲಿ ಕೂತ. "ಪ್ರಾಸಿಕ್ಯೂಷನ್ ಪಕ್ಷವು ಆರೋಪವನ್ನು ಸಂಶಯಾತೀತವಾಗಿ ಸಾಬೀತುಪಡಿಸಲು ವಿಫಲವಾಗಿರುವುದರಿಂದ..."

"ಅಂಗಂದ್ರೆ?"

ಅವಳು ಅವನ ಮುಖವನ್ನೇ ನೋಡುತ್ತಿದ್ದಳು. ಅರ್ಥವಾಗದಿದ್ದರೆ ತಪ್ಪು ತನ್ನದೇ ಎಂದು ನಂಬಿದ ಮುಖ. ಅವನ ಅವ್ವನೂ ರೇಷನ್ ಅಂಗಡಿಯಲ್ಲಿ, ಆಸ್ಪತ್ರೆಯಲ್ಲಿ, ಸ್ಕೂಲಿನ ಬಾಗಿಲಲ್ಲಿ ಹೀಗೇ ನಿಲ್ಲುತ್ತಿದ್ದಳು. ಪಿಳ್ಳಪ್ಪನಿಗೆ ಅಳು ಒತ್ತಿ ಬಂತು.

"ಬಿಟ್ಬುಟ್ರು ಕಣವ್ವ," ಎಂದ. "ನಾನ್ ಸರ್ಯಾಗ್ ಬರೀಲಿಲ್ಲ. ಅದ್ಕೇ ಬಿಟ್ಬುಟ್ರು."

ಮುನಿಲಕ್ಷ್ಮಮ್ಮ ಬಾಯಿ ಮೇಲೆ ಸೆರಗು ಹಿಡಿದಳು.

ಒಂದು ಸಲ ತೆರೆದ ಬಾಯಿ ಆಮೇಲೆ ಮುಚ್ಚಲಿಲ್ಲ. ಎಲ್ಲ ಹೇಳಿದ. ದಿನಾ ಒಳಕ್ ಓಗಕ್ ಮುಂಚೆ ಕೈಗೆ ಆಕ್ತಿದ್ರಂತೆ, ನಿನ್ ಮಗ್ಳೊಬ್ಳಿಗೇಯ. ಅವ್ನು ಕೈ ನೀಡು ಅಂದ್ನಂತೆ. ಎಲ್ಡೂ ಕೈ ನೀಡುದ್ಲಂತೆ. ಕೈ ತುಂಬ ಆಕಿ, ಆಮ್ಯಾಕೆ ತಲೆ ಮ್ಯಾಲೆ ಉಯ್ದ್ನಂತೆ. ತಮಾಸೆ ಮಾಡ್ತಾವ್ನೆ ಅಂತ ಅಂಗೇ ನಿಂತಿದ್ಲಂತೆ. ಹೇಳುತ್ತಾ ಹೇಳುತ್ತಾ ಅವನ ಎರಡೂ ಅಂಗೈ ತಾವಾಗಿ ಮುಂದಕ್ಕೆ ಬಂದಿದ್ದವು.

"ನನ್ನ ಕೇಳುದ್ಲಾ?"

"ಊಂ ಕಣವ್ವ. ಅವ್ವುಂಗೆ ಏಳ್ಬ್ಯಾಡ ಅಂದ್ಲು. ನಡ್ಕಂಡೇ ಬಂದ್ಬುಡ್ತಾಳೆ, ಪೋಲೀಸ್ನೋರು ಒಡೀತಾರೆ ಅಂದ್ಲು."

ಮುನಿಲಕ್ಷ್ಮಮ್ಮ ಅತ್ತಳು. ಸದ್ದಿಲ್ಲದೆ, ಬಹಳ ಹೊತ್ತು. ಅವಳ ಮಗಳು ನಾಲ್ಕು ವರ್ಷದ ಮೇಲೆ ಕೊನೆಗೂ ಬಂದು ಮಾತಾಡಿದ್ದಳು. ಸೆರಗಿನಲ್ಲಿ ಮುಖ ಒರೆಸಿಕೊಂಡು, ಪಿಳ್ಳಪ್ಪನ ಕಡೆ ತಿರುಗಿದಳು. ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಸಾರ್ ಎನ್ನಲಿಲ್ಲ, ನೀವು ಎನ್ನಲಿಲ್ಲ. ಕೇರಿಯ ಹುಡುಗನೊಬ್ಬನನ್ನು ಕೇಳುವ ಹಾಗೆ ಕೇಳಿದಳು.

"ಇಷ್ಟ್ ಚೆಂದಾಗಿ ಮಾತಾಡಕ್ ಬತ್ತದಲ್ಲಪ್ಪ ನಿಂಗೆ. ಇದ್ನೇ ಅಲ್ಲೂ ಏಳಕ್ಕೆ ಏನಾಗಿತ್ತು?"